ಪಾಯಿಂಟ್ ಉಜ್ಜಿದರೆ ದೋಣಿ ಓಡುತ್ತದೆ

ಅಮೆರಿಕದ ವಿಸ್ಕಾನ್ಸಿನ್, ಮಿನೆಸೋಟ ಕೆರೆಗಳ ನಾಡು. ಅಲ್ಲಿನ ಹಳೆಯ ಶೆಡ್ಡುಗಳ ಮೂಲೆಯಲ್ಲಿ 1950ರ ದಶಕದ ಜಾನ್ಸನ್, ಎವಿನ್‌ರೂಡ್ ಮೋಟಾರುಗಳು ಇವತ್ತಿಗೂ ಸಿಗುತ್ತವೆ. ಇವು ದೋಣಿಯ ಹಿಂಬದಿಯ ಹಲಗೆಗೆ ಬಿಗಿಯುವ ಔಟ್‌ಬೋರ್ಡ್ ಎಂಜಿನ್ನುಗಳು. ಹಗ್ಗ ಎಳೆದರೆ ತಿರುಗುತ್ತವೆ, ಪೆಟ್ರೋಲನ್ನೂ ಹೀರುತ್ತವೆ, ಆದರೆ ಹೊತ್ತಿಕೊಳ್ಳುವುದಿಲ್ಲ. ‘ಸತ್ತಿದೆ’ ಎಂದು ಗುಜರಿಗೆ ಹಾಕುತ್ತಾರೆ. ನನ್ನ ಮಟ್ಟಿಗೆ ಇದು ಅನ್ಯಾಯ. ಬಹುಪಾಲು ಸಲ ಕೆಟ್ಟಿರುವುದು ಎಂಜಿನ್ನಲ್ಲ, ಅದರ ಕಿಡಿ.

ನಾರ್ವೆಯಲ್ಲಿ ಹುಟ್ಟಿ ವಿಸ್ಕಾನ್ಸಿನ್‌ನಲ್ಲಿ ಬೆಳೆದ ಓಲೆ ಎವಿನ್‌ರೂಡ್, ಮಿಲ್ವಾಕಿಯಲ್ಲಿ 1909ರಲ್ಲಿ ಇಂಥ ಮೋಟಾರುಗಳನ್ನು ಮಾರಲು ಶುರುಮಾಡಿದ. 1936ರ ಹೊತ್ತಿಗೆ ಎವಿನ್‌ರೂಡ್, ಜಾನ್ಸನ್ ಎರಡೂ ಒಂದೇ ಕಂಪನಿಯ ಕೆಳಗೆ ಬಂದಿದ್ದವು. ಆ ಕಂಪನಿ 1950ರ ದಶಕದಿಂದ ಸುಮಾರು ಎರಡು ದಶಕ ಕಾಲ ತನ್ನ ಚಿಕ್ಕ ಎರಡು ಸಿಲಿಂಡರ್ ಎಂಜಿನ್ನುಗಳಿಗೆ ಹೆಚ್ಚುಕಡಿಮೆ ಒಂದೇ ಬಗೆಯ ಮ್ಯಾಗ್ನೆಟೊ, ಅಂದರೆ ಕಿಡಿ ಹುಟ್ಟಿಸುವ ಸಾಧನ, ಕೂಡಿಸಿತು. ಕಂಪನಿ 2000ದಲ್ಲಿ ದಿವಾಳಿಯಾಯಿತು. ಆದರೂ ಆ ಮ್ಯಾಗ್ನೆಟೊದ ಬಿಡಿಭಾಗಗಳನ್ನು ಬೇರೆಯವರು ಈಗಲೂ ತಯಾರಿಸುತ್ತಿದ್ದಾರೆ. ಲಕ್ಷಾಂತರ ಎಂಜಿನ್ನಿಗೆ ಒಂದೇ ಭಾಗ ಹೊಂದುವುದರ ಪುಣ್ಯವಿದು.

ಈ ಮ್ಯಾಗ್ನೆಟೊಗೆ ಬ್ಯಾಟರಿ ಬೇಡ. ಮೇಲೆ ತಿರುಗುವ ಫ್ಲೈವೀಲಿನ ಒಳಮೈಯಲ್ಲಿ ಅಯಸ್ಕಾಂತ ಇದೆ. ಅದರ ಕೆಳಗಿನ ತಟ್ಟೆಯ ಮೇಲೆ ಎರಡು ಕಾಯಿಲ್, ಎರಡು ಜೊತೆ ಪಾಯಿಂಟ್, ಎರಡು ಕಂಡೆನ್ಸರ್, ಅಂದರೆ ಸಿಲಿಂಡರಿಗೊಂದರಂತೆ. ಮನೆಯಲ್ಲಿ ಲೂನಾ ಮೊಪೆಡ್ ಇಟ್ಟುಕೊಂಡಿದ್ದವರಿಗೆ ಈ ಹೆಸರುಗಳು ಹೊಸದಲ್ಲ. ಗಾಡಿ ಸ್ಟಾರ್ಟ್ ಆಗದಿದ್ದರೆ ಮೆಕ್ಯಾನಿಕ್ ಮೊದಲು ಹೇಳುತ್ತಿದ್ದುದೇ ‘ಪಾಯಿಂಟ್ ನೋಡಬೇಕು’ ಎಂದು. ತತ್ವ ಎರಡಕ್ಕೂ ಒಂದೇ.

ಅಯಸ್ಕಾಂತ ಕಾಯಿಲಿನ ಮುಂದೆ ಹಾದುಹೋದಾಗ ದಪ್ಪ ತಂತಿಯ ಮೊದಲ ಸುರುಳಿಯಲ್ಲಿ ವಿದ್ಯುತ್ ಹರಿಯುತ್ತದೆ. ಇದು ಫ್ಯಾರಡೆ 1831ರಲ್ಲಿ ಕಂಡುಕೊಂಡ ಸತ್ಯ. ಆದರೆ ಆ ವಿದ್ಯುತ್ತಿನ ಒತ್ತಡ ಪ್ಲಗ್ಗಿನಲ್ಲಿ ಕಿಡಿ ಹಾರಿಸಲು ಏನೇನೂ ಸಾಲದು. ಜಾಣತನ ಇರುವುದು ಹರಿವನ್ನು ತಟ್ಟನೆ ಕಡಿಯುವುದರಲ್ಲಿ. ಪಾಯಿಂಟ್ ಎಂದರೆ ಒಂದಕ್ಕೊಂದು ತಾಗಿ ಹರಿವಿಗೆ ದಾರಿ ಕೊಡುವ ಪುಟ್ಟ ಸ್ವಿಚ್ಚು. ಹರಿವು ತುಂಬಿಬಂದ ಗಳಿಗೆಯಲ್ಲೇ, ಎಂಜಿನ್ನಿನ ದಂಡದ ಜೊತೆ ತಿರುಗುವ ಕ್ಯಾಮ್ ಎಂಬ ಉಬ್ಬು ಪಾಯಿಂಟುಗಳನ್ನು ಬಿಡಿಸುತ್ತದೆ. ಕಾಯಿಲಿನ ಕಾಂತಕ್ಷೇತ್ರ ಕುಸಿದುಬೀಳುತ್ತದೆ. ಆ ಕುಸಿತ ಎಷ್ಟು ಚುರುಕೋ, ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತುಗಳಿರುವ ಎರಡನೆಯ ಸುರುಳಿಯಲ್ಲಿ ವೋಲ್ಟೇಜು ಅಷ್ಟು ಮೇಲೇರುತ್ತದೆ. ಹತ್ತು ಸಾವಿರ ವೋಲ್ಟಿಗೂ ಮಿಕ್ಕಿ ಏರಿ, ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ.

ಕಂಡೆನ್ಸರ್ ಯಾಕೆ? ಪಾಯಿಂಟ್ ಬಿಡಿಸಿಕೊಳ್ಳುವಾಗ ವಿದ್ಯುತ್ತು ಸುಮ್ಮನೆ ನಿಲ್ಲಲು ಒಪ್ಪುವುದಿಲ್ಲ. ಆ ಸಣ್ಣ ಸಂದಿನಲ್ಲೇ ಜಿಗಿದು ಪಾಯಿಂಟನ್ನು ಸುಡುತ್ತದೆ, ಕುಸಿತವೂ ನಿಧಾನವಾಗುತ್ತದೆ. ಕಂಡೆನ್ಸರ್ ಆ ರಭಸವನ್ನು ಒಂದು ಗಳಿಗೆ ತನ್ನೊಳಗೆ ತುಂಬಿಕೊಳ್ಳುತ್ತದೆ. ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ ಈ ಇಡೀ ನಾಟಕ ಪ್ರತಿ ಸಿಲಿಂಡರಿಗೂ ಸೆಕೆಂಡಿಗೆ ಸುಮಾರು 67 ಸಲ ನಡೆಯುತ್ತದೆ. ಹಗ್ಗ ಮೆಲ್ಲಗೆ ಎಳೆದರೆ ಮಾತ್ರ ಕಿಡಿ ಬಾರದು, ಯಾಕೆಂದರೆ ಅಯಸ್ಕಾಂತಕ್ಕೆ ವೇಗ ಬೇಕು.

ಈಗ ರಿಪೇರಿ. ಪ್ಲಗ್ಗುಗಳನ್ನು ಬಿಚ್ಚಿ, ತಂತಿಯ ತುದಿಯಿಂದ ಎಂಜಿನ್ನಿನ ಲೋಹಕ್ಕೆ ಕಿಡಿ ಎಷ್ಟು ದೂರ ಹಾರುತ್ತದೆಂದು ಟೆಸ್ಟರಿನಲ್ಲಿ ನೋಡಬೇಕು. ಆರು ಮಿಲಿಮೀಟರ್ ಹಾರಿದರೆ ಆರೋಗ್ಯ. ಹಾರದಿದ್ದರೆ ಫ್ಲೈವೀಲ್ ತೆಗೆಯಬೇಕು. ದಯವಿಟ್ಟು ಇಲ್ಲಿ ಸುತ್ತಿಗೆ ಎತ್ತಬೇಡಿ. ಫ್ಲೈವೀಲಿನ ನಡುವೆ ತಿರುಪು ಕೊರೆದ ಮೂರು ತೂತುಗಳಿವೆ, ಅದನ್ನು ಎಳೆದು ತೆಗೆಯುವ ಪುಲ್ಲರ್ ಕೂಡಿಸಲೆಂದೇ ಮಾಡಿದ್ದು. ಅಂಚಿಗೆ ಕೊಕ್ಕೆ ಹಾಕಿ ಎಳೆದರೆ ಫ್ಲೈವೀಲ್ ಸೊಟ್ಟಗಾಗುತ್ತದೆ.

ಒಳಗೆ ಮೊದಲು ಕಾಣುವುದು ಕಾಯಿಲಿನ ಹೊದಿಕೆ. ಆ ಕಾಲದ ಹೊದಿಕೆ ಒಣಗಿ ಬಿರುಕು ಬಿಡುವುದು ಈ ಎಂಜಿನ್ನುಗಳ ಹುಟ್ಟುರೋಗ. ಬಿರುಕಿನಿಂದ ವಿದ್ಯುತ್ತು ಸೋರಿಹೋಗುತ್ತದೆ, ಪ್ಲಗ್ಗಿಗೆ ತಲುಪುವುದಿಲ್ಲ. ಬಿರುಕು ಕಂಡರೆ ಅಂಟುಹಚ್ಚುವ ಯೋಚನೆ ಬಿಟ್ಟು ಹೊಸದನ್ನೇ ಹಾಕಬೇಕು. ಹೊಸ ಕಾಯಿಲಿನ ಕಬ್ಬಿಣದ ಕಾಲುಗಳು ತಟ್ಟೆಯ ಕಡೆದ ಅಂಚಿಗೆ ಸರಿಸಮ ಕೂತಿರಬೇಕು. ಹೊರಚಾಚಿದರೆ ಫ್ಲೈವೀಲಿಗೆ ಉಜ್ಜುತ್ತದೆ, ಒಳಸರಿದರೆ ಕಿಡಿ ಬಡವಾಗುತ್ತದೆ.

ಕಾಯಿಲ್ ಚೆನ್ನಾಗಿದ್ದರೆ ಸಂಶಯ ಪಾಯಿಂಟಿನ ಮೇಲೆ. ವರ್ಷಗಟ್ಟಲೆ ಸುಮ್ಮನೆ ಬಿದ್ದಿರುವ ಎಂಜಿನ್ನಿನ ಪಾಯಿಂಟುಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕೂರುತ್ತದೆ. ಅಷ್ಟೇ ಸಾಕು, ವಿದ್ಯುತ್ತು ನಿಂತುಹೋಗುತ್ತದೆ. ನಯವಾದ ಮರಳುಕಾಗದದಿಂದ ಎರಡು ಸಲ ಎಳೆದು, ಸ್ಪಿರಿಟ್ಟಿನಲ್ಲಿ ಅದ್ದಿದ ಗಟ್ಟಿ ಕಾಗದದ ಪಟ್ಟಿಯನ್ನು ನಡುವೆ ಹಾಯಿಸಿ ಒರೆಸಿದರೆ ಎಷ್ಟೋ ‘ಸತ್ತ’ ಎಂಜಿನ್ನುಗಳು ಎದ್ದುಕೂರುತ್ತವೆ. ಹೊಸ ಪಾಯಿಂಟನ್ನೂ ಒರೆಸಲೇಬೇಕು, ಬೆರಳಿನ ಜಿಡ್ಡೂ ಸಾಕು ಕಿಡಿ ಕೆಡಿಸಲು. ಆಮೇಲೆ ಪಾಯಿಂಟ್ ಪೂರ್ತಿ ತೆರೆದುಕೊಳ್ಳುವ ತನಕ ಕ್ಯಾಮ್ ತಿರುಗಿಸಿ, ಸಂದು 0.020 ಇಂಚು, ಅಂದರೆ ಅರ್ಧ ಮಿಲಿಮೀಟರ್ ಇರುವಂತೆ ಫೀಲರ್ ಗೇಜಿನಿಂದ ಹೊಂದಿಸಬೇಕು. ಸಂದು ತಪ್ಪಿದರೆ ಕಿಡಿಯ ಹೊತ್ತೂ ತಪ್ಪುತ್ತದೆ.

ಫ್ಲೈವೀಲ್ ತಿರುಗಿ ಕೂಡಿಸುವಾಗ ಅದನ್ನು ದಂಡದ ಮೇಲೆ ಸರಿಯಾದ ಜಾಗದಲ್ಲಿ ಹಿಡಿದಿಡುವ ಅರ್ಧಚಂದ್ರಾಕಾರದ ಪುಟ್ಟ ಕೀ ತುಂಡಾಗಿಲ್ಲವೇ ನೋಡಿಕೊಳ್ಳಿ. ಅದು ಜಾರಿದ್ದರೆ ಉಳಿದ ಕೆಲಸವೆಲ್ಲ ವ್ಯರ್ಥ.

ಕೊನೆಗೆ, ಕಿಡಿ ಬಂದ ಖುಷಿಯಲ್ಲಿ ಒಣನೆಲದ ಮೇಲೆಯೇ ಹಗ್ಗ ಎಳೆಯಬೇಡಿ. ಎಂಜಿನ್ನನ್ನು ತಂಪಾಗಿಡುವ ಪಂಪಿನೊಳಗೆ ರಬ್ಬರಿನ ಚಕ್ರವಿದೆ, ನೀರಿಲ್ಲದೆ ತಿರುಗಿದರೆ ಅದು ಬೇಗ ಹಾಳಾಗುತ್ತದೆ. ಒಂದು ಡ್ರಮ್ಮಿನ ತುಂಬ ನೀರು ತುಂಬಿಸಿ, ಎಂಜಿನ್ನಿನ ಕಾಲು ಅದರಲ್ಲಿ ಮುಳುಗಿದ ಮೇಲೆ ಎಳೆಯಿರಿ.