ಒಂದು ಬಾಯಿ, ಮೂರು ಕ್ಲಾರಿನೆಟ್

ಮೂರು ಕ್ಲಾರಿನೆಟ್! ಒಂದಾದ ಮೇಲೆ ಒಂದಲ್ಲ, ಮೂರೂ ಒಟ್ಟಿಗೇ ಬಾಯಲ್ಲಿ! ಒಂದನ್ನು ಪಳಗಿಸುವುದಕ್ಕೇ ಎರಡೂ ಕೈ ಬೇಕು, ವರ್ಷಗಟ್ಟಲೆ ಸಾಧಕ ಬೇಕು. ಈ ಪುಣ್ಯಾತ್ಮ ಮೂರನ್ನೂ ಕಚ್ಚಿಕೊಂಡು, ಒಂದೇ ಉಸಿರಲ್ಲಿ ಮೂರು ಸ್ವರ ಹೊರಡಿಸಿ, ‘ದ ರೋಸರಿ’ಯಂಥ ನಿಧಾನಗತಿಯ ಭಾವಗೀತೆಯನ್ನು ನುಡಿಸುತ್ತಿದ್ದ. ಹಾಡು, ಕುಣಿತ, ಚಮತ್ಕಾರಗಳ ಬೆರಕೆ ಪ್ರದರ್ಶನ ನಡೆಯುತ್ತಿದ್ದ ಅಮೆರಿಕದ ವಾಡೆವಿಲ್ ರಂಗಮಂದಿರಗಳಲ್ಲಿ ಜನ ಟಿಕೆಟ್ ಕೊಂಡು ಬಂದು ಇದನ್ನು ಕಣ್ಣಾರೆ ನೋಡಿದರು.

ಹೆಸರು ವಿಲ್ಬರ್ ಸ್ವೆಟ್‌ಮನ್. 1882ರಲ್ಲಿ ಮಿಸೌರಿಯ ಬ್ರನ್ಸ್‌ವಿಕ್ ಎಂಬ ಪುಟ್ಟ ಊರಲ್ಲಿ ಹುಟ್ಟಿದ ಕಪ್ಪು ಹುಡುಗ. ಸರ್ಕಸ್ ಬ್ಯಾಂಡಿನಲ್ಲಿ ಊರೂರು ಅಲೆದ, ಆಮೇಲೆ ಸ್ವಂತ ತಂಡ ಕಟ್ಟಿದ. 1911ರಲ್ಲಿ ಅವನ ಕೃತಿ ‘ಡೌನ್ ಹೋಮ್ ರ‍್ಯಾಗ್’ ಅಚ್ಚಾಯಿತು. ಇಷ್ಟೇ ಆಗಿದ್ದರೆ ‘ಭಲೇ ಚಮತ್ಕಾರಿ’ ಎಂದು ಮುಂದೆ ಹೋಗಬಹುದಿತ್ತು. ಆದರೆ ಜಾಝ್ ಇತಿಹಾಸದ ಯಾವ ಎಳೆ ಹಿಡಿದು ಎಳೆದರೂ ತುದಿಯಲ್ಲಿ ಇವನೇ ಸಿಕ್ಕುತ್ತಾನಲ್ಲ!

ಮೊದಲ ಜಾಝ್ ಧ್ವನಿಮುದ್ರಿಕೆ ಯಾವುದು? ‘ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಝ್ ಬ್ಯಾಂಡ್’ ಎಂಬ ಬಿಳಿಯರ ತಂಡ 1917ರ ಫೆಬ್ರವರಿಯಲ್ಲಿ ಮಾಡಿದ್ದು ಎನ್ನುತ್ತವೆ ಪುಸ್ತಕಗಳು. ಸರಿ, ಆದರೆ ಸ್ವೆಟ್‌ಮನ್ ಎಮರ್ಸನ್ ಕಂಪನಿಗೆ ‘ಡೌನ್ ಹೋಮ್ ರ‍್ಯಾಗ್’ ನುಡಿಸಿದ್ದು 1916ರ ಡಿಸೆಂಬರಿನಲ್ಲಿ! ಅದು ಜಾಝ್‌ಗೆ ಮುಂಚಿನ ರ‍್ಯಾಗ್‌ಟೈಮೋ ಜಾಝೋ ಎಂದು ಪಂಡಿತರು ಕಿತ್ತಾಡಲಿ. ಆ ಕ್ಲಾರಿನೆಟ್ ತಾಳದ ಮೇಲೆ ಜಾರಿ, ಕೊಂಕಿ, ಮತ್ತೆ ನೆಗೆಯುವುದನ್ನು ಕೇಳಿದ ಕಿವಿಗೆ ಅನುಮಾನ ಉಳಿಯುವುದಿಲ್ಲ.

1918ರಲ್ಲಿ ಕೊಲಂಬಿಯಾ ಕಂಪನಿ ಅವನ ತಂಡವನ್ನು ಧ್ವನಿಮುದ್ರಿಸತೊಡಗಿತು. ಇನ್ನು 1923. ಸ್ವೆಟ್‌ಮನ್ ತಂಡಕ್ಕೆ ಡ್ರಮ್ ಬಾರಿಸುವವನೊಬ್ಬ ಬೇಕಾಗಿದ್ದ. ಕರೆ ಹೋದದ್ದು ವಾಷಿಂಗ್ಟನ್ನಿನ ಸನ್ನಿ ಗ್ರೀರ್‌ಗೆ. ಅವನು ಒಬ್ಬನೇ ಬರಲಿಲ್ಲ, ಗೆಳೆಯರನ್ನೂ ಜೊತೆಗೆ ಎಳೆದುತಂದ. ಅವರಲ್ಲೊಬ್ಬ ಇಪ್ಪತ್ಮೂರರ ಪಿಯಾನೋ ಹುಡುಗ. ಯಾರು ಗೊತ್ತೇ? ಡ್ಯೂಕ್ ಎಲಿಂಗ್ಟನ್! ಮುಂದೆ ಜಾಝ್‌ನ ದೊರೆಯಾದವನು ನ್ಯೂಯಾರ್ಕಿಗೆ ನುಡಿಸಲು ಬಂದದ್ದು ಈ ಮೂರು ಕ್ಲಾರಿನೆಟ್ಟಿನವನ ಬೆನ್ನು ಹಿಡಿದು.

ಮುಗಿಯಲಿಲ್ಲ, ಇನ್ನೂ ಇದೆ. ರ‍್ಯಾಗ್‌ಟೈಮ್ ಚಕ್ರವರ್ತಿ ಸ್ಕಾಟ್ ಜೋಪ್ಲಿನ್ ಸ್ವೆಟ್‌ಮನ್ನನ ಗೆಳೆಯ. ಜೋಪ್ಲಿನ್‌ನ ಪತ್ನಿ ಲಾಟಿ ತೀರಿಕೊಂಡಾಗ ಅವಳ ಆಸ್ತಿಯ ಹೊಣೆ ಬಿದ್ದದ್ದೂ ಇವನ ಹೆಗಲಿಗೇ. ಸ್ವೆಟ್‌ಮನ್ ಸುಮಾರು 1903ರಲ್ಲೇ ಜೋಪ್ಲಿನ್‌ನ ‘ಮೇಪಲ್ ಲೀಫ್ ರ‍್ಯಾಗ್’ ಅನ್ನು ಮಿನಿಯಾಪೊಲಿಸ್‌ನಲ್ಲಿ ಧ್ವನಿಮುದ್ರಣದ ಮೇಣದ ಸಿಲಿಂಡರಿಗೆ ನುಡಿಸಿದ್ದನಂತೆ. ಅದರ ಒಂದು ಪ್ರತಿಯೂ ಸಿಕ್ಕಿಲ್ಲ. ಅಯ್ಯೋ, ಸಿಕ್ಕಿದ್ದರೆ!

ಇಂಥವನನ್ನು ಮರೆತದ್ದೇಕೆ? ಅವನು ಜಾಝ್‌ನ ತವರೆನಿಸಿದ ನ್ಯೂ ಆರ್ಲಿಯನ್ಸ್‌ನವನಲ್ಲ, ಜಾಝ್ ಕಥೆ ಬರೆದವರಿಗೆ ಆ ಊರೇ ಬೇಕಿತ್ತು. ಮೇಲಾಗಿ ಆ ಮೂರು ಕ್ಲಾರಿನೆಟ್ಟೇ ಮುಳುವಾಯಿತು ಎಂದು ನನ್ನ ಗುಮಾನಿ: ಚಮತ್ಕಾರ ಮಾಡುವವನನ್ನು ಕಲಾವಿದನೆಂದು ಒಪ್ಪಲು ವಿಮರ್ಶಕರಿಗೆ ಯಾವಾಗಲೂ ಸಂಕಟ. 1961ರಲ್ಲಿ ಅವನು ಸತ್ತಾಗ ಎಲಿಂಗ್ಟನ್ ಜಗತ್ಪ್ರಸಿದ್ಧ, ಇವನು ಅಡಿಟಿಪ್ಪಣಿ.

ಆ 1916ರ ತಟ್ಟೆ ಇಂದು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಗೊರಗೊರ ಸದ್ದಿಗೆ ಹೆದರಬೇಡಿ, ಇವತ್ತೇ ಕೇಳಿ.