ಕಾಂಗ್ರೆಸ್ ಗಿಡ: ಬೇರಿಗೂ ಚರ್ಮಕ್ಕೂ ಒಂದೇ ಕಂಟಕ

ಗಿಡಮರಗಳು ನಿಂತಲ್ಲೇ ನಿಂತಿರುವ ಸಾಧುಜೀವಿಗಳೆಂಬುದು ಸಾಮಾನ್ಯ ನಂಬಿಕೆ. ಆದರೆ ನೀರು, ಬೆಳಕು, ಮಣ್ಣಿನ ಸಾರಗಳಿಗಾಗಿ ಅವುಗಳಲ್ಲಿಯೂ ಹೋರಾಟವುಂಟು. ಕೆಲವು ಸಸ್ಯಗಳಂತೂ ಬೇರು ಎಲೆಗಳಿಂದ ರಾಸಾಯನಿಕ ದ್ರವ್ಯಗಳನ್ನು ಹೊರಬಿಟ್ಟು ನೆರೆಯ ಗಿಡಗಳ ಬೆಳವಣಿಗೆಯನ್ನೇ ಕುಗ್ಗಿಸುತ್ತವೆ. ಸಸ್ಯಗಳ ಇಂತಹ ಪ್ರಭಾವಕ್ಕೆ 1937ರಲ್ಲಿ ಆಸ್ಟ್ರಿಯದ ಸಸ್ಯವಿಜ್ಞಾನಿ ಹಾನ್ಸ್ ಮೋಲಿಷ್ 'ಅಲಿಲೋಪತಿ' ಎಂಬ ಹೆಸರನ್ನಿತ್ತರು.

ಇದರ ನಿದರ್ಶನವನ್ನು ಅರಸಿ ಕಾಡಿಗೆ ಹೋಗಬೇಕಾಗಿಲ್ಲ. ನಗರದ ಖಾಲಿ ನಿವೇಶನಗಳಲ್ಲಿ, ರೈಲುಹಳಿಗಳ ಬದಿಯಲ್ಲಿ ಹುಲುಸಾಗಿ ಬೆಳೆಯುವ, ಕ್ಯಾರೆಟ್ಟಿನಂತಹ ಎಲೆಯ, ಪುಟ್ಟ ಬಿಳಿ ಹೂಗಳ ಪಾರ್ಥೇನಿಯಂ ಸಾಕು. ಮರಾಠಿಗರಿಗೆ ಇದು 'ಗಾಜರ ಗವತ'. ಕನ್ನಡಿಗರಿಗೆ 'ಕಾಂಗ್ರೆಸ್ ಗಿಡ'. ಅಮೆರಿಕ ಮೂಲದ ಈ ಕಳೆ ಭಾರತದಲ್ಲಿ ಹಬ್ಬುತ್ತಿರುವುದು ಗಮನಕ್ಕೆ ಬಂದುದು 1955ರ ಸುಮಾರಿಗೆ, ಪುಣೆಯಲ್ಲಿ. ಆಮದಾದ ಗೋಧಿಯೊಡನೆ ಇದರ ಬೀಜ ಬಂದಿತೆಂದು ಹಲವರ ಅಭಿಪ್ರಾಯ.

ಈ ಗಿಡದ ಮೈಮೇಲಿನ ಸೂಕ್ಷ್ಮ ರೋಮಗಳಲ್ಲಿ 'ಪಾರ್ಥೆನಿನ್' ಎಂಬ ಕಹಿದ್ರವ್ಯವಿದೆ. ಮಳೆನೀರು ಅದನ್ನು ತೊಳೆದು ಮಣ್ಣಿಗಿಳಿಸುತ್ತದೆ. ಉದುರಿದ ಎಲೆ ಕೊಳೆತಾಗಲೂ ಅದು ಮಣ್ಣು ಸೇರುತ್ತದೆ. ಬೇರುಗಳೂ ಪ್ರತಿಬಂಧಕ ದ್ರವ್ಯಗಳನ್ನು ಸ್ರವಿಸುತ್ತವೆಂದು ಬೆಂಗಳೂರಿನ ಸಸ್ಯಶಾಸ್ತ್ರಜ್ಞರಾದ ಕಾಂಚನ್ ಮತ್ತು ಜಯಚಂದ್ರ 1979ರಲ್ಲಿ ತೋರಿಸಿದರು. ಇದರಿಂದ ಇತರ ಬೀಜಗಳ ಮೊಳಕೆಗೆ ತಡೆಯುಂಟಾಗುತ್ತದೆ, ಎಳೆಬೇರು ಮೊಟಕಾಗುತ್ತದೆ, ದ್ವಿದಳ ಸಸ್ಯಗಳ ಬೇರುಗಂಟುಗಳು ಕಡಿಮೆಯಾಗುತ್ತವೆ. ಇನ್ನೂ ಸೋಜಿಗವೆಂದರೆ, ಇದರ ಪರಾಗ ಬೇರೆ ಗಿಡದ ಹೂವಿನ ಮೇಲೆ ಬಿದ್ದರೆ ಅಲ್ಲಿ ಕಾಯಿ ಕಟ್ಟುವುದೇ ಕುಂದುತ್ತದೆ. ಹಾಗೆಂದು ಗೆಲುವೆಲ್ಲ ರಾಸಾಯನಿಕದ್ದೇ ಎನ್ನಲಾಗದು. ಒಂದೊಂದು ಗಿಡ 10 ಸಾವಿರಕ್ಕೂ ಮಿಕ್ಕಿ ಬೀಜ ಚೆಲ್ಲಬಲ್ಲುದು, ದನಕರುಗಳು ಸಾಮಾನ್ಯವಾಗಿ ಇದಕ್ಕೆ ಬಾಯಿಡವು.

ನಗರವಾಸಿಗಳಿಗೆ ಮುಖ್ಯವಾದ ಸಂಗತಿ ಬೇರೆಯಿದೆ. ಬೇರನ್ನು ಕುಗ್ಗಿಸುವ ಅದೇ ಪಾರ್ಥೆನಿನ್ ಅನೇಕರ ಚರ್ಮಕ್ಕೂ ಒಗ್ಗದು. ಮೊದಲು ಮುಟ್ಟಿದಾಗ ಏನೂ ಆಗದಿರಬಹುದು. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸಂಪರ್ಕದ ಬಳಿಕ ದೇಹವು ಅದನ್ನು ಶತ್ರುವೆಂದು ಎಣಿಸತೊಡಗುತ್ತದೆ. ಅನಂತರ ಗಿಡವನ್ನು ಮುಟ್ಟಬೇಕೆಂದೇನೂ ಇಲ್ಲ. ಒಣಗಿದ ಎಲೆ, ರೋಮಗಳ ಧೂಳು ಗಾಳಿಯಲ್ಲಿ ತೇಲಿಬಂದರೆ ಸಾಕು. ಕಣ್ಣುರೆಪ್ಪೆ, ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ನವೆ ಹತ್ತಿ ಕೆಂಪಾಗುತ್ತದೆ. ಕಾಲಕ್ರಮದಲ್ಲಿ ಚರ್ಮ ದಪ್ಪವೂ ಕಪ್ಪೂ ಆಗುತ್ತದೆ. ಪುಣೆಯ ರೋಗಿಗಳಲ್ಲಿ ಕಂಡ ಈ ಚರ್ಮರೋಗವು 1970ರ ದಶಕದಲ್ಲಿಯೇ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಯಿತು. ಪರಾಗದಿಂದ ಸೀನು, ನೆಗಡಿ, ಉಬ್ಬಸಗಳೂ ತಲೆದೋರುವುದುಂಟು. ಇಂತಹ ರೋಗಿಗಳಲ್ಲಿ ಕೆಲವರಿಗೆ ಅದೇ ಕುಟುಂಬದ ಸೇವಂತಿಗೆಯೂ ಆಗಿಬರದು. ಪೂಜೆಯ ಹೂವಿನ ಮೇಲೆ ಯಾರಿಗೆ ತಾನೇ ಸಂಶಯ ಬಂದೀತು! ಸಾಬೂನು ಬದಲಿಸುತ್ತ, ಅಂಗಡಿಯ ಮುಲಾಮು ಹಚ್ಚುತ್ತ ಕಾಲ ಕಳೆಯುವುದಕ್ಕಿಂತ ಚರ್ಮವೈದ್ಯರಲ್ಲಿ ಪ್ಯಾಚ್ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.

ಸೊಸೈಟಿಯ ಆವರಣದಲ್ಲಿ ಈ ಗಿಡವಿದ್ದರೆ ಹೂಬಿಡುವ ಮೊದಲೇ, ಮಣ್ಣು ಒದ್ದೆಯಿರುವಾಗ ಬೇರುಸಹಿತ ಕೀಳಬೇಕು. ಕೈಗವಸು, ಪೂರ್ಣತೋಳಿನ ಅಂಗಿ, ಮುಖಕ್ಕೆ ಬಟ್ಟೆ ಅವಶ್ಯ. ನವೆ, ಉಬ್ಬಸಗಳಿರುವವರು ಈ ಕೆಲಸಕ್ಕೆ ಇಳಿಯಲೇಬಾರದು. ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೀರುಂಡೆಯೊಂದು ಮಳೆಗಾಲದಲ್ಲಿ ಇದರ ಎಲೆಗಳನ್ನು ಮೇಯುತ್ತದೆ. ಇನ್ನೊಂದು ಉಪಾಯ ಮುಳ್ಳಿನಿಂದ ಮುಳ್ಳು ತೆಗೆಯುವಂತಹುದು. ತುಳುವರು ಆಟಿ ತಿಂಗಳಲ್ಲಿ ಅಡುಗೆಗೆ ಬಳಸುವ ತಜಂಕ್, ಕನ್ನಡದ ತಗಚೆ, ಮರಾಠಿಯ ಟಾಕಳಾ ಎಲ್ಲವೂ ಒಂದೇ ಗಿಡ. ಇದರ ಸಾರವು ಪಾರ್ಥೇನಿಯಂ ಬೀಜದ ಮೊಳಕೆಯನ್ನು ಕುಗ್ಗಿಸುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಕಳೆಯಿದ್ದ ಜಾಗದಲ್ಲಿ ಮುಂಗಾರಿಗೆ ಮುನ್ನ ತಗಚೆಯ ಬೀಜ ಎರಚಿದರೆ, ಒತ್ತಾಗಿ ಬೆಳೆದು ಪಾರ್ಥೇನಿಯಂ ಸುಲಭವಾಗಿ ತಲೆಯೆತ್ತದಂತೆ ಮಾಡುತ್ತದೆ.