ದಮ್ಮಿಗೆ ಮದ್ದು ಗೋಡೆಯಲ್ಲೂ ಇದೆ



ಮಗುವಿಗೆ ದಮ್ಮು ಬಂದರೆ ನಾವು ಓಡೋದು ಡಾಕ್ಟರ ಹತ್ತಿರ. ಮನೆಯ ಗೋಡೆಯನ್ನು ನೋಡುವವರು ಕಡಿಮೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಹೈ ಪಾಯಿಂಟ್ ಎಂಬ ಸರ್ಕಾರಿ ವಸತಿ ಬಡಾವಣೆ ಇದೆ. ಅಲ್ಲಿ ಗೋಡೆಯಿಂದಲೇ ಕೆಲಸ ಶುರುಮಾಡಿದರು.

ಅಲ್ಲಿದ್ದ 716 ಮನೆಗಳು ಎರಡನೇ ಮಹಾಯುದ್ಧದ ಕಾಲದಲ್ಲಿ ಕೆಲಸಗಾರರಿಗೆಂದು ಅವಸರದಲ್ಲಿ ಕಟ್ಟಿದಂಥವು. ಆಮೇಲೆ ಬಡವರ ಪಾಲಿಗೆ ಬಂದವು. ಸೊಮಾಲಿಯಾ, ವಿಯೆಟ್ನಾಂ, ಕಾಂಬೋಡಿಯಾದಿಂದ ಬಂದ ಸಂಸಾರಗಳೂ ಇದ್ದವು. ಅದು ಮಳೆಯ ಊರು. ಗೋಡೆಯಲ್ಲಿ ತೇವ, ಮೂಲೆಯಲ್ಲಿ ಬೂಷ್ಟು. ಈ ಬೂಷ್ಟು, ಧೂಳು, ಹೊಗೆ ಇವೇ ದಮ್ಮನ್ನು ಕೆರಳಿಸುವುದು.

2000ದಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಇದಕ್ಕೆ 3.5 ಕೋಟಿ ಡಾಲರ್ ಕೊಟ್ಟಿತು. ಹಳೆಯದನ್ನು ಕೆಡವಿ ಸುಮಾರು 1,600 ಮನೆಗಳ ಹೊಸ ಬಡಾವಣೆಗೆ ಯೋಜನೆ ಹಾಕಿದರು. ಕಡಿಮೆ ಬಾಡಿಗೆಯ ಮನೆ, ಮಾರಾಟದ ಮನೆ ಎಲ್ಲ ಅಕ್ಕಪಕ್ಕದಲ್ಲೇ. ತರಕಾರಿ ಬೆಳೆಯಲು ತೋಟವೂ ಆಯಿತು. ಆದರೆ ಒಂದು ಮಾತು ಹೇಳಲೇಬೇಕು: ಕೆಡವುವಾಗ ಹೊರಟ ಹಳೆಯ ಸಂಸಾರಗಳೆಲ್ಲ ಮರಳಿ ಬರಲಿಲ್ಲ. ಎಲ್ಲಿಯೇ ಆಗಲಿ, ಮನೆ ಒಡೆಯುವ ಮೊದಲೇ "ವಾಪಸ್ ಯಾರಿಗೆ, ಯಾವಾಗ?" ಅಂತ ಬರವಣಿಗೆಯಲ್ಲಿ ಕೇಳಬೇಕು.

ಹೊಸ ಮನೆಗಳಲ್ಲಿ 60 ಮನೆಗಳು ದಮ್ಮು ಇರುವ ಮಕ್ಕಳ ಸಂಸಾರಗಳಿಗೇ ಮೀಸಲು. ಗೋಡೆಗೆ ನೀರು ಇಳಿಯದ ಹಾಗೆ ಭದ್ರಮಾಡಿದರು. ಧೂಳು ಹಿಡಿಯುವ ಕಾರ್ಪೆಟ್ ಬದಲು ಒರೆಸಬಹುದಾದ ನೆಲ. ಘಾಟು ಕಡಿಮೆ ಇರುವ ಬಣ್ಣ. ಹೊರಗಿನ ಗಾಳಿಯನ್ನು ಸೋಸಿ ಒಳಗೆ ಬಿಡುವ ಫ್ಯಾನು. ಮನೆಯೊಳಗೆ ಬೀಡಿ ಸಿಗರೇಟು ಸೇದುವ ಹಾಗೇ ಇಲ್ಲ!

34 ಮಕ್ಕಳನ್ನು ಒಂದು ವರ್ಷ ಗಮನಿಸಿದ ಸಂಶೋಧಕರು 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲು 14 ದಿನಗಳಲ್ಲಿ ದಮ್ಮಿಲ್ಲದ ದಿನಗಳು ಸರಾಸರಿ 7.6, ಹೊಸ ಮನೆಯಲ್ಲಿ 12.4. ಮೂರು ತಿಂಗಳೊಳಗೆ ತುರ್ತಾಗಿ ಆಸ್ಪತ್ರೆಗೆ ಓಡಬೇಕಾಗಿದ್ದ ಮಕ್ಕಳು ನೂರಕ್ಕೆ 62 ಇದ್ದದ್ದು 21ಕ್ಕೆ ಇಳಿಯಿತು.

ನಮಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ವಿಷಯ. ಹಳೆಯ ಮನೆಗಳಲ್ಲೇ ಉಳಿದಿದ್ದ ಬೇರೆ ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಹೋಗಿ ತಿಳಿಹೇಳಿದ್ದರು. ಆ ಮಕ್ಕಳೂ ಸಾಕಷ್ಟು ಸುಧಾರಿಸಿದರು. ಹಾಗಾಗಿ ಹೊಸ ಮನೆ ಬರುವ ತನಕ ಕಾಯೋದು ಬೇಡ. ಸೋರುವ ಹೆಂಚು ಬದಲಿಸಿ, ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಮಳೆಗಾಲದಲ್ಲಿ ಮಗು ಮಲಗುವ ಕೋಣೆಯಲ್ಲಿ ಮಾತ್ರ ಬಟ್ಟೆ ಒಣಗಿಸಬೇಡಿ. ಡಾಕ್ಟರು ಕೊಟ್ಟ ಔಷಧ ನಿಲ್ಲಿಸಬೇಡಿ.